ಖಳನಿಲ್ಲದ ನಗೆ: ‘ಯೆಸ್ ಮಿನಿಸ್ಟರ್’ ಮತ್ತು ಬ್ರಿಟಿಷ್ ಕಿರುತೆರೆಯ ಅಧಿಕಾರ ಕಥನಗಳು

2004ರಲ್ಲಿ ಬಿಬಿಸಿ ತನ್ನ ವೀಕ್ಷಕರ ಮತ ಪಡೆದು ಬ್ರಿಟನ್ನಿನ ಅತ್ಯುತ್ತಮ ಸಿಟ್‌ಕಾಂಗಳ ಪಟ್ಟಿಯೊಂದನ್ನು ಪ್ರಕಟಿಸಿತು. ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ಗೆ ಮೊದಲ ಸ್ಥಾನ, ‘ಬ್ಲ್ಯಾಕ್‌ಆಡರ್’ಗೆ ಎರಡನೆಯದು, ‘ಫಾಲ್ಟಿ ಟವರ್ಸ್’ಗೆ ಐದನೆಯದು. ಆರನೆಯ ಸ್ಥಾನದಲ್ಲಿದ್ದದ್ದು ‘ಯೆಸ್ ಮಿನಿಸ್ಟರ್’. ಪೆಕ್‌ಹ್ಯಾಮಿನ ಬೀದಿ ವ್ಯಾಪಾರಿಯ ಸಾಹಸಗಳನ್ನೋ ಟಾರ್ಕಿಯ ಹೋಟೆಲ್ ಮಾಲೀಕನ ರಂಪಾಟವನ್ನೋ ಜನ ಯಾಕೆ ಮೆಚ್ಚಿಕೊಂಡರು ಎಂದು ಯಾರೂ ಕೇಳುವುದಿಲ್ಲ. ಆರನೆಯದರ ವಿಷಯ ಹಾಗಲ್ಲ. ಪ್ರೇಮಕಥೆಯಿಲ್ಲ, ಓಡಾಟವಿಲ್ಲ, ಬೀಳುವ ಏಳುವ ಹಾಸ್ಯವೂ ಇಲ್ಲ. ಕಚೇರಿಯೊಂದರಲ್ಲಿ ಮೂವರು ಗಂಡಸರು ಕಡತಗಳ ಬಗ್ಗೆ ಮಾತಾಡುತ್ತಾರೆ, ಅಷ್ಟೆ. ಇಂಥದ್ದನ್ನು ಒಂದು ದೇಶದ ಜನ ಕಾಲು ಶತಮಾನವಾದ ಮೇಲೂ ನೆನೆದು ಮತ ಹಾಕಿದರೆಂದರೆ ಅದರೊಳಗೆ ನಗುವಿಗಿಂತ ಹೆಚ್ಚಿನದೇನೋ ಇರಬೇಕು.

ಆ ಹೆಚ್ಚಿನದು ಏನೆಂದು ಈ ಲೇಖನ ವಿಚಾರಿಸುತ್ತದೆ. ನನ್ನ ವಾದ ಇದು: ‘ಯೆಸ್ ಮಿನಿಸ್ಟರ್’ನಲ್ಲಿ ಖಳನಿಲ್ಲ. ಖಳನಿಲ್ಲದ್ದರಿಂದಲೇ ಅದು ಆಳುವ ವ್ಯವಸ್ಥೆಯ ಮೇಲೆ ಹೊರಿಸುವ ಆರೋಪ ಅದೇ ಕಾಲದ ಗಂಭೀರ ರಾಜಕೀಯ ನಾಟಕಗಳು ಹೊರಿಸಿದ್ದಕ್ಕಿಂತ ಕಠಿಣವಾಗಿದೆ.

ಧಾರಾವಾಹಿಯ ಬೇರು ಒಂದು ದಿನಚರಿಯಲ್ಲಿದೆ. ಹೆರಾಲ್ಡ್ ವಿಲ್ಸನ್ ಸಂಪುಟದಲ್ಲಿ 1964ರಿಂದ ಮಂತ್ರಿಯಾಗಿದ್ದ ರಿಚರ್ಡ್ ಕ್ರಾಸ್‌ಮನ್ ತನ್ನ ಇಲಾಖೆಯ ಕಾಯಂ ಕಾರ್ಯದರ್ಶಿ ಡೇಮ್ ಎವೆಲಿನ್ ಶಾರ್ಪ್ ಜತೆ ನಡೆಸಿದ ಜಗ್ಗಾಟವನ್ನು ವಿವರವಾಗಿ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಆ ಬರಹ ಪುಸ್ತಕವಾಗದಂತೆ ತಡೆಯಲು ಸರ್ಕಾರ ನ್ಯಾಯಾಲಯದ ಮೆಟ್ಟಿಲೇರಿತು. 1975ರಲ್ಲಿ ನ್ಯಾಯಾಲಯ ತಡೆಯಾಜ್ಞೆ ನಿರಾಕರಿಸಿತು. ಮುಚ್ಚಿದ ಬಾಗಿಲಿನ ಹಿಂದಿನ ಆಡಳಿತ ಹೇಗಿರುತ್ತದೆಂದು ಸಾಮಾನ್ಯ ಓದುಗನಿಗೆ ಮಂತ್ರಿಯೊಬ್ಬನ ಬಾಯಲ್ಲೇ ಇಷ್ಟು ದೀರ್ಘವಾಗಿ ಕೇಳಸಿಕ್ಕಿದ್ದು ಆಗ. ಬಿಬಿಸಿಯ ವಿದ್ಯಮಾನ ವಿಭಾಗದಲ್ಲಿ ಪಳಗಿದ್ದ ಆಂಟನಿ ಜೇ ಮತ್ತು ನಟ, ನಿರ್ದೇಶಕ ಜೊನಾಥನ್ ಲಿನ್ ಈ ದಿನಚರಿಗಳನ್ನು ಆಧಾರವಾಗಿಟ್ಟುಕೊಂಡರು. ಅದು ಸಾಲದೆಂದು ಒಳಗಿನವರನ್ನೂ ಮಾತಾಡಿಸಿದರು. ವಿಲ್ಸನ್‌ರ ಆಪ್ತ ಸಿಬ್ಬಂದಿಯಲ್ಲಿದ್ದ ಮಾರ್ಷಿಯಾ ವಿಲಿಯಮ್ಸ್ ಮತ್ತು ಸಲಹೆಗಾರರಾಗಿದ್ದ ಬರ್ನಾರ್ಡ್ ಡಾನಹ್ಯೂ ಅವರಿಗೆ ಸಾಮಗ್ರಿ ಒದಗಿಸಿದವರಲ್ಲಿ ಮುಖ್ಯರು. ಚುನಾವಣೆ ಹತ್ತಿರವಿದ್ದುದರಿಂದ ಬಿಬಿಸಿ ಪ್ರಸಾರವನ್ನು ಮುಂದೂಡಿತು. ಮೊದಲ ಕಂತು ಬಿಬಿಸಿ ಎರಡರಲ್ಲಿ ಬಂದದ್ದು 1980ರ ಫೆಬ್ರುವರಿ 25ರಂದು. ಅಷ್ಟರಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾಗಿದ್ದರು. 1984ರವರೆಗೆ ‘ಯೆಸ್ ಮಿನಿಸ್ಟರ್’, 1986ರಿಂದ 1988ರವರೆಗೆ ‘ಯೆಸ್, ಪ್ರೈಮ್ ಮಿನಿಸ್ಟರ್’, ಒಟ್ಟು 38 ಕಂತುಗಳು.

ಕಥೆಯ ಇಲಾಖೆ ಕಲ್ಪಿತ, ಹೆಸರು ಆಡಳಿತ ವ್ಯವಹಾರಗಳ ಇಲಾಖೆ. ಮಂತ್ರಿ ಜಿಮ್ ಹ್ಯಾಕರ್ (ಪಾಲ್ ಎಡಿಂಗ್ಟನ್), ಕಾಯಂ ಕಾರ್ಯದರ್ಶಿ ಸರ್ ಹಂಫ್ರಿ ಆಪಲ್‌ಬಿ (ನೈಜೆಲ್ ಹಾಥಾರ್ನ್), ಮಂತ್ರಿಯ ಆಪ್ತ ಕಾರ್ಯದರ್ಶಿ ಬರ್ನಾರ್ಡ್ ವೂಲಿ (ಡೆರೆಕ್ ಫೌಲ್ಡ್ಸ್). ಹ್ಯಾಕರ್‌ನ ಪಕ್ಷ ಯಾವುದೆಂದು ಕೊನೆಯವರೆಗೂ ಹೇಳುವುದಿಲ್ಲ. ಯಾರನ್ನೂ ನೋಯಿಸದಿರುವ ಜಾಗರೂಕತೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ, ಇದು ವಾದದ ಭಾಗವೇ ಆಗಿದೆ. ಮೊದಲ ಸರಣಿಯ ‘ಬಿಗ್ ಬ್ರದರ್’ ಕಂತಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ನಾಗರಿಕರ ಮಾಹಿತಿಯ ರಾಷ್ಟ್ರೀಯ ಭಂಡಾರಕ್ಕೆ ರಕ್ಷಣಾ ಕ್ರಮಗಳು ಬೇಕೆಂದು ಹ್ಯಾಕರ್ ಹಟ ಹಿಡಿಯುತ್ತಾನೆ, ಕಾರ್ಯದರ್ಶಿ ಎಳೆದಾಡುತ್ತಾನೆ. ಬೇಸತ್ತ ಹ್ಯಾಕರ್ ಅದೇ ಕುರ್ಚಿಯಲ್ಲಿ ತನಗಿಂತ ಮೊದಲು ಕೂತಿದ್ದ ವಿರೋಧ ಪಕ್ಷದವನನ್ನು ಕಂಡು ಮಾತಾಡುತ್ತಾನೆ. ಅವನಿಗೂ ಹೀಗೆಯೇ ಆಗಿತ್ತು, ನೆಪಗಳೂ ಇವೇ ಆಗಿದ್ದವು. ಚುನಾವಣೆಯಲ್ಲಿ ಪರಸ್ಪರ ಸೋಲಿಸಿಕೊಂಡ ಇಬ್ಬರು ಒಂದೇ ಅನುಭವದ ಕಥೆ ಹೇಳಿಕೊಳ್ಳುವ ಆ ದೃಶ್ಯ ಇಡೀ ಧಾರಾವಾಹಿಯ ಕೀಲಿಕೈ.

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಕನ್ನಡಿಗನಿಗೆ ಇಲ್ಲಿ ತಟ್ಟನೆ ನೆನಪಾಗುತ್ತದೆ. ಆದರೆ ಗಾದೆಯ ಪೂಜಾರಿ ಕೆಟ್ಟವನು, ಹಂಫ್ರಿ ಕೆಟ್ಟವನಲ್ಲ. ಲಂಚ ಮುಟ್ಟುವುದಿಲ್ಲ, ಕಾನೂನು ಮೀರುವುದಿಲ್ಲ, ಇಲಾಖೆಯ ಬಗ್ಗೆ ಅವನಿಗಿರುವ ನಿಷ್ಠೆ ಪ್ರಾಮಾಣಿಕವಾದದ್ದು. ಮಂತ್ರಿಗಳು ಬರುತ್ತಾರೆ ಹೋಗುತ್ತಾರೆ, ಪ್ರತಿಯೊಬ್ಬನ ಹುರುಪಿಗೂ ಇಲಾಖೆ ಕುಣಿದರೆ ಆಡಳಿತವೇ ಉಳಿಯದು ಎಂಬ ಅವನ ನಂಬಿಕೆಯಲ್ಲಿ ತಿರುಳಿದೆ. ಇತ್ತ ಹ್ಯಾಕರ್ ಜನರ ಮತ ಪಡೆದು ಬಂದವನು. ಅವನು ಹೇಳಿದ್ದು ನಡೆಯಬೇಕೆಂಬುದು ಪ್ರಜಾಪ್ರಭುತ್ವದ ಮೊದಲ ಪಾಠ. ಇಬ್ಬರದೂ ನ್ಯಾಯ. ಎರಡು ನ್ಯಾಯಗಳು ಡಿಕ್ಕಿಯಾದಾಗ ಸಾಮಾನ್ಯವಾಗಿ ದುರಂತ ನಾಟಕ ಹುಟ್ಟುತ್ತದೆ. ಅದನ್ನು ಅರ್ಧ ಗಂಟೆಯ ಹಾಸ್ಯದಲ್ಲಿ ಹಿಡಿದಿಟ್ಟದ್ದು ಜೇ ಮತ್ತು ಲಿನ್ ಅವರ ನಿಜವಾದ ಸಾಧನೆ.

ಎರಡನೆಯ ಸರಣಿಯ ಮೊದಲ ಕಂತು ‘ದ ಕಂಪ್ಯಾಷನೇಟ್ ಸೊಸೈಟಿ’ಯನ್ನು (1981) ಸ್ವಲ್ಪ ಹತ್ತಿರದಿಂದ ನೋಡೋಣ. ಹೊಸದಾಗಿ ಕಟ್ಟಿದ ಸೇಂಟ್ ಎಡ್ವರ್ಡ್ಸ್ ಆಸ್ಪತ್ರೆಯಲ್ಲಿ ಐನೂರಕ್ಕೂ ಹೆಚ್ಚು ನೌಕರರಿದ್ದಾರೆ. ಲೆಕ್ಕಪತ್ರ, ಸಿಬ್ಬಂದಿ, ಸ್ವಚ್ಛತೆ, ಅಡುಗೆಮನೆ, ಎಲ್ಲ ವಿಭಾಗಗಳೂ ಚಾಲೂ ಇವೆ. ವೈದ್ಯರಿಲ್ಲ, ದಾದಿಯರಿಲ್ಲ, ರೋಗಿಗಳಿಲ್ಲ. ಹ್ಯಾಕರ್ ಭೇಟಿ ಕೊಟ್ಟಾಗ ಆಡಳಿತಾಧಿಕಾರಿ ಹೆಂಗಸು ಅಭಿಮಾನದಿಂದ ಒಂದೊಂದೇ ವಾರ್ಡು ತೋರಿಸುತ್ತಾಳೆ. ಸಾಲಾಗಿ ಹಾಸಿದ ಮಂಚಗಳು, ಮಿರಮಿರ ಮಿಂಚುವ ಶಸ್ತ್ರಚಿಕಿತ್ಸಾ ಕೊಠಡಿ. ದೇಶದಲ್ಲೇ ಅಚ್ಚುಕಟ್ಟಾಗಿ ನಡೆಯುವ ಆಸ್ಪತ್ರೆಗಳಲ್ಲಿ ತಮ್ಮದೊಂದು, ಶುಚಿತ್ವದ ಪ್ರಶಸ್ತಿಗೂ ಹೆಸರು ಹೋಗಿದೆ ಎಂದು ಹೇಳುವಾಗ ಆಕೆಯ ಮುಖದಲ್ಲಿ ಕಪಟದ ಎಳೆಯಿಲ್ಲ. ತನ್ನ ಕೆಲಸವನ್ನು ಆಕೆ ಚೆನ್ನಾಗಿಯೇ ಮಾಡುತ್ತಿದ್ದಾಳೆ. ರೋಗಿಗಳೇ ಇಲ್ಲವಲ್ಲ ಎಂಬ ಮಂತ್ರಿಯ ಸಂಕಟ ಆಕೆಗೆ ಅರ್ಥವೇ ಆಗುವುದಿಲ್ಲ, ಏಕೆಂದರೆ ಆಕೆಯ ಹೊಣೆಯಲ್ಲಿ ರೋಗಿ ಎಂಬ ಬಾಬತ್ತು ಇಲ್ಲ. ನೌಕರರನ್ನು ತೆಗೆದು ಆ ಹಣದಲ್ಲಿ ವಾರ್ಡು ತೆರೆಯೋಣವೆಂದರೆ ಕಾರ್ಮಿಕ ಸಂಘ ಮುಷ್ಕರಕ್ಕೆ ಸಿದ್ಧ. ಕಡೆಗೆ ಆಶ್ರಯ ಕೇಳಿ ಬಂದ ಕ್ಯೂಬಾದ ನಿರಾಶ್ರಿತರನ್ನು ಆ ಮಂಚಗಳ ಮೇಲೆ ಮಲಗಿಸುವುದೆಂದು ತೀರ್ಮಾನವಾಗುತ್ತದೆ. ಎಲ್ಲರ ಮರ್ಯಾದೆಯೂ ಉಳಿಯುತ್ತದೆ, ಆಸ್ಪತ್ರೆ ಮಾತ್ರ ಆಸ್ಪತ್ರೆಯಾಗುವುದಿಲ್ಲ. ಈ ಕಂತಿನಲ್ಲಿ ಯಾರನ್ನು ಕೆಲಸದಿಂದ ತೆಗೆದರೆ ಸಮಸ್ಯೆ ಬಗೆಹರಿಯುತ್ತಿತ್ತು? ಯಾರನ್ನು ತೆಗೆದರೂ ಇಲ್ಲ. ನೋಡುಗನನ್ನು ನಗಿಸಿ ನಡುಗಿಸುವುದು ಈ ಉತ್ತರ.

ಬರವಣಿಗೆಯಷ್ಟೇ ಅಭಿನಯವೂ ಈ ಸಮತೋಲವನ್ನು ಕಾಯುತ್ತದೆ. ಹಾಥಾರ್ನ್ ದೊಡ್ಡದೊಂದು ವಾಕ್ಯವನ್ನು ಉಪವಾಕ್ಯದ ಮೇಲೆ ಉಪವಾಕ್ಯ ಪೇರಿಸಿ, ಎಲ್ಲೂ ಉಸಿರು ತಪ್ಪದೆ, ಮುಖದ ಒಂದು ಸ್ನಾಯುವನ್ನೂ ಅಲುಗಿಸದೆ ಹೇಳಿ ಮುಗಿಸಿದಾಗ ಸ್ಟುಡಿಯೊದಲ್ಲಿ ಕೂತ ಪ್ರೇಕ್ಷಕರು ಸಂಗೀತ ಕಛೇರಿಯಲ್ಲಿ ಕಷ್ಟದ ಸ್ವರಪ್ರಸ್ತಾರ ಸಮಕ್ಕೆ ಬಂದಾಗಿನಂತೆ ಚಪ್ಪಾಳೆ ಹೊಡೆಯುತ್ತಾರೆ. ಆ ವಾಕ್ಯದಲ್ಲಿ ಸುಳ್ಳಿರುವುದಿಲ್ಲ. ಸತ್ಯ ಎಲ್ಲೋ ನಡುವೆ ಹುದುಗಿರುತ್ತದೆ. ಎಡಿಂಗ್ಟನ್‌ನದು ಬೇರೆ ಬಗೆ. ಹ್ಯಾಕರ್‌ಗೆ ಆದರ್ಶದ ಆವೇಶ ಬಂದ ಕೂಡಲೇ ದನಿ ತಗ್ಗುತ್ತದೆ, ಗದ್ದ ಮುಂದೆ ಬರುತ್ತದೆ, ಕೈ ಕೋಟಿನ ಕಾಲರಿಗೆ ಹೋಗುತ್ತದೆ, ಚರ್ಚಿಲ್ ಮೈಮೇಲೆ ಬರುತ್ತಾನೆ. ಹತ್ತು ಸೆಕೆಂಡಿನಲ್ಲಿ ಯಾರೋ ಪತ್ರಿಕೆಗಳ ಹೆಸರೆತ್ತುತ್ತಾರೆ, ಭುಜ ಕುಸಿಯುತ್ತದೆ. ಅವನ ಆದರ್ಶವೂ ನಿಜ, ಹೆದರಿಕೆಯೂ ನಿಜ ಎಂದು ನಟ ದೇಹದಲ್ಲೇ ತೋರಿಸಿಬಿಡುತ್ತಾನೆ.

ಹಾಸ್ಯದ ನೆಲ ಅತಿ ತೆಳುವಾಗುವುದು 1982ರ ‘ದ ವಿಸ್ಕಿ ಪ್ರೀಸ್ಟ್’ನಲ್ಲಿ. ಬ್ರಿಟನ್ನಿನಲ್ಲಿ ತಯಾರಾದ ಬಾಂಬ್ ಸ್ಫೋಟಕ ಉಪಕರಣಗಳು ಇಟಲಿಯ ಭಯೋತ್ಪಾದಕರ ಕೈಸೇರುತ್ತಿವೆ ಎಂದು ಸೇನಾಧಿಕಾರಿಯೊಬ್ಬ ಹ್ಯಾಕರ್‌ಗೆ ತಿಳಿಸುತ್ತಾನೆ. ಪ್ರಧಾನಿಗೆ ಹೇಳಿಯೇ ತೀರುತ್ತೇನೆಂದು ಹ್ಯಾಕರ್ ಹೊರಡುತ್ತಾನೆ. ಸರ್ಕಾರದ ಕೆಲಸ ಸ್ಥಿರತೆ ಕಾಯುವುದು, ಒಳಿತು ಕೆಡುಕಿನ ತೀರ್ಪು ಕೊಡುವುದಲ್ಲ ಎಂದು ಹಂಫ್ರಿ ಸಮಾಧಾನದಿಂದ ವಿವರಿಸುತ್ತಾನೆ. ಆದರೆ ಹ್ಯಾಕರ್‌ನನ್ನು ನಿಲ್ಲಿಸುವವನು ಹಂಫ್ರಿಯಲ್ಲ, ಸ್ವಂತ ಪಕ್ಷದ ಮುಖ್ಯ ಸಚೇತಕ. ಮೇಲೇರುವ ದಾರಿ ಮುಚ್ಚಿಹೋದೀತೆಂದು ಅರಿವಾದ ಮೇಲೆ ಯಾರಿಗೂ ಏನೂ ಅರ್ಥವಾಗದ ಹಾಗೆ ಒಂದು ಪತ್ರ ಬರೆದು ಹೇಳಿದಂತೆಯೂ ಆಯಿತು, ಹೇಳದಂತೆಯೂ ಆಯಿತು ಎಂದು ಮಾಡಿಕೊಳ್ಳುತ್ತಾನೆ. ಆ ರಾತ್ರಿ ಮನೆಯಲ್ಲಿ ಕುಡಿದು ಕೂತ ಹ್ಯಾಕರ್‌ನಲ್ಲಿ ನಾವು ಕಾಣುವುದು ಸೋತವನನ್ನು, ಪಾಪಿಯನ್ನಲ್ಲ. ಅವನಿಗಿಂತ ಹೆಚ್ಚಾಗಿ ಕಾಡುವವನು ಬರ್ನಾರ್ಡ್. ತಾನೂ ಒಂದು ದಿನ ನೈತಿಕ ಶೂನ್ಯನಾಗುತ್ತೇನೆಯೇ ಎಂದು ಹಿರಿಯ ಅಧಿಕಾರಿಯನ್ನು ಅವನು ನಿಜವಾದ ಕಳವಳದಿಂದಲೇ ಕೇಳುತ್ತಾನೆ. ಹಾಗಾಗಲೆಂದೇ ಹಾರೈಸುವ ಹಂಫ್ರಿಯ ದನಿಯಲ್ಲಿ ಗುರುವಿನ ವಾತ್ಸಲ್ಯವಿದೆ.

ಇದರ ಪಕ್ಕದಲ್ಲಿ ಎರಡು ನಾಟಕಗಳನ್ನಿಡಬೇಕು. ಕ್ರಿಸ್ ಮಲ್ಲಿನ್ ಕಾದಂಬರಿ ಆಧರಿಸಿ ಅಲನ್ ಪ್ಲೇಟರ್ ಬರೆದ ‘ಎ ವೆರಿ ಬ್ರಿಟಿಷ್ ಕೂ’ (ಚಾನೆಲ್ 4, 1988) ಶೆಫೀಲ್ಡಿನ ಉಕ್ಕು ಕಾರ್ಮಿಕ ಹ್ಯಾರಿ ಪರ್ಕಿನ್ಸ್ ಪ್ರಧಾನಿಯಾದಾಗ ಗುಪ್ತಚರರು, ಪತ್ರಿಕೆಗಳ ಒಡೆಯರು, ಹಿರಿಯ ಅಧಿಕಾರಿಗಳು ಕೂಡಿ ಅವನನ್ನು ಇಳಿಸಲು ಹೂಡುವ ಸಂಚಿನ ಕಥೆ. ರೇ ಮಕ್ಅನಾಲಿಯ ಪರ್ಕಿನ್ಸ್ ಕಿರುತೆರೆ ಕಂಡ ಅತ್ಯುತ್ತಮ ರಾಜಕೀಯ ಪಾತ್ರಗಳಲ್ಲೊಂದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮೈಕೆಲ್ ಡಾಬ್ಸ್ ಕಾದಂಬರಿಯಿಂದ ಆಂಡ್ರ್ಯೂ ಡೇವಿಸ್ ರೂಪಾಂತರಿಸಿದ ‘ಹೌಸ್ ಆಫ್ ಕಾರ್ಡ್ಸ್’ 1990ರ ನವೆಂಬರಿನಲ್ಲಿ, ಸರಿಯಾಗಿ ಥ್ಯಾಚರ್ ಪದತ್ಯಾಗದ ವಾರದಲ್ಲೇ ಶುರುವಾಯಿತು. ಇಯಾನ್ ರಿಚರ್ಡ್‌ಸನ್‌ನ ಫ್ರಾನ್ಸಿಸ್ ಅರ್ಕ್ಹಾರ್ಟ್ ಕ್ಯಾಮೆರಾದತ್ತ ತಿರುಗಿ ನಮ್ಮೊಡನೆ ಗುಟ್ಟು ಹಂಚಿಕೊಳ್ಳುತ್ತಾ ಒಬ್ಬೊಬ್ಬರನ್ನೇ ಮುಗಿಸಿ ಪ್ರಧಾನಿ ಗಾದಿ ಏರುತ್ತಾನೆ. ಎರಡೂ ಒಳ್ಳೆಯ ಕೃತಿಗಳೇ. ಆದರೆ ಎರಡರಲ್ಲೂ ಕೇಡಿಗೆ ಒಂದು ಮುಖವಿದೆ, ಕೇಡು ಗುಟ್ಟಾಗಿ ನಡೆಯುತ್ತದೆ. ಗುಟ್ಟು ಬಯಲಾದರೆ, ಆ ಮುಖ ತೊಲಗಿದರೆ ವ್ಯವಸ್ಥೆ ಸರಿಹೋದೀತೆಂಬ ಆಸೆಗೆ ಅವು ಎಡೆ ಬಿಡುತ್ತವೆ. ಸೇಂಟ್ ಎಡ್ವರ್ಡ್ಸ್ ಆಸ್ಪತ್ರೆಯಲ್ಲಿ ಬಯಲು ಮಾಡಲು ಏನೂ ಇಲ್ಲ. ಎಲ್ಲವೂ ಕಡತದಲ್ಲಿದೆ, ಎಲ್ಲಕ್ಕೂ ಸಹಿ ಬಿದ್ದಿದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಎದುರಿಸಲೇಬೇಕು. ಖಳನಿಲ್ಲ ಎನ್ನುವುದೇ ಒಂದು ಸಿದ್ಧಾಂತವಲ್ಲವೇ? ಅಧಿಕಾರಿಗಳೂ ಮಂತ್ರಿಗಳೂ ಜನಸೇವಕರಲ್ಲ, ತಂತಮ್ಮ ಹಿತ ನೋಡಿಕೊಳ್ಳುವವರು ಎನ್ನುವ ‘ಪಬ್ಲಿಕ್ ಚಾಯ್ಸ್’ ಅರ್ಥಶಾಸ್ತ್ರದ ಪ್ರಭಾವ ತನ್ನ ಮೇಲಿತ್ತೆಂಬುದನ್ನು ಜೇ ಮುಚ್ಚಿಟ್ಟವರಲ್ಲ. ಆಡಂ ಕರ್ಟಿಸ್ ತಮ್ಮ 2007ರ ಸಾಕ್ಷ್ಯಚಿತ್ರ ‘ದ ಟ್ರ್ಯಾಪ್’ನಲ್ಲಿ ಈ ನಂಟನ್ನು ಎತ್ತಿ ತೋರಿಸಿದರು. ಥ್ಯಾಚರ್ ಈ ಧಾರಾವಾಹಿಯ ಬಹಿರಂಗ ಅಭಿಮಾನಿ. 1984ರ ಜನವರಿಯಲ್ಲಿ ಪ್ರಶಸ್ತಿ ಸಮಾರಂಭವೊಂದರಲ್ಲಿ ಎಡಿಂಗ್ಟನ್ ಮತ್ತು ಹಾಥಾರ್ನ್ ಜತೆ ಕಿರುಪ್ರಹಸನವೊಂದರಲ್ಲಿ ಸ್ವತಃ ಅಭಿನಯಿಸಿದರು. ಸರ್ಕಾರ ಏನು ಮಾಡಹೊರಟರೂ ಎಡವಟ್ಟು ಎಂಬ ಭಾವನೆ ಜನರಲ್ಲಿ ಬೇರೂರಿದರೆ ಸಾರ್ವಜನಿಕ ಸೇವೆಗಳಿಗೆ ಕತ್ತರಿ ಹಾಕುವುದು ಸುಲಭ. ರೋಗಿಗಳಿಲ್ಲದ ಆಸ್ಪತ್ರೆಯ ನಗೆ ಆ ಕೆಲಸಕ್ಕೂ ಒದಗಿತು. ಆಕ್ಷೇಪದ ಇಷ್ಟು ಭಾಗವನ್ನು ನಾನು ಒಪ್ಪುತ್ತೇನೆ. ಆದರೆ ಕೃತಿ ತನ್ನ ಕರ್ತೃವಿನ ಸಿದ್ಧಾಂತವನ್ನು ಮೀರಿ ಬೆಳೆದಿದೆ. 1986ರ ‘ದ ಸ್ಮೋಕ್‌ಸ್ಕ್ರೀನ್’ನಲ್ಲಿ ತಂಬಾಕಿನ ವಿರುದ್ಧ ಪ್ರಾಮಾಣಿಕವಾಗಿ ಹೋರಾಡುವ ವೈದ್ಯ ಮಂತ್ರಿಯೊಬ್ಬನಿದ್ದಾನೆ. ಹ್ಯಾಕರ್ ಅವನ ಯೋಜನೆಯನ್ನು ಖಜಾನೆಯೊಡನೆ ಚೌಕಾಸಿಗೆ ದಾಳವಾಗಿ ಬಳಸಿ, ಕೆಲಸವಾದ ಮೇಲೆ ಕೈಬಿಡುತ್ತಾನೆ. ಇಲ್ಲಿ ಸರ್ಕಾರ ಅತಿಯಾಗಿ ಕೈಹಾಕಿದ್ದು ಹಾಸ್ಯದ ವಸ್ತುವಲ್ಲ. ಕೈಹಾಕಬೇಕಾದಲ್ಲಿ ಹಾಕದೆ, ಕಂಪನಿಗಳ ಹಣಕ್ಕೆ ಮಣಿದದ್ದು ವಸ್ತು. ಮಾರುಕಟ್ಟೆಯ ಭಕ್ತರಿಗೆ ಈ ಕಂತು ಹಿತವಾಗಿರಲಾರದು.

ಭಾರತದ ನೋಡುಗನಿಗೆ ಈ ಲೋಕ ಪರಿಚಿತವೆನಿಸುವುದಕ್ಕೆ ಚರಿತ್ರೆಯಲ್ಲೇ ಕಾರಣವಿದೆ. ಬ್ರಿಟನ್ನಿನ ಕಾಯಂ ಸೇವಾವ್ಯವಸ್ಥೆಗೆ ಬುನಾದಿ ಹಾಕಿದ 1854ರ ವರದಿಯ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಚಾರ್ಲ್ಸ್ ಟ್ರೆವೆಲಿಯನ್ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ದೆಹಲಿ, ಕಲ್ಕತ್ತೆಗಳಲ್ಲಿ ಪಳಗಿದವರು, ಮುಂದೆ ಮದ್ರಾಸಿನ ಗವರ್ನರ್ ಆದವರು. ಅದೇ ವರ್ಷ ಅವರ ಭಾವಮೈದುನ ಮೆಕಾಲೆಯ ಸಮಿತಿ ಭಾರತದ ಸೇವೆಗೆ ಸ್ಪರ್ಧಾ ಪರೀಕ್ಷೆಯನ್ನು ಶಿಫಾರಸು ಮಾಡಿತು. ವೈಟ್‌ಹಾಲ್ ಮತ್ತು ನಮ್ಮ ಸಚಿವಾಲಯಗಳು ಒಂದೇ ಗರಡಿಯವು. ವಿಧಾನಸೌಧದಲ್ಲಿ ಕಡತವೊಂದು ಟಿಪ್ಪಣಿಯ ಮೇಲೆ ಟಿಪ್ಪಣಿ ಹೊತ್ತು ಮೇಲಕ್ಕೂ ಕೆಳಕ್ಕೂ ಸಂಚರಿಸುವ ಬಗೆ ಬಲ್ಲವರಿಗೆ ಹಂಫ್ರಿಯ ಚಾಣಾಕ್ಷತನವನ್ನು ವಿವರಿಸಬೇಕಾಗಿಲ್ಲ. 2001ರಲ್ಲಿ ಸ್ಟಾರ್ ಪ್ಲಸ್ ಇದನ್ನು ‘ಜೀ ಮಂತ್ರೀಜೀ’ ಎಂದು ಹಿಂದಿಗೆ ತಂದಾಗ ಫಾರೂಕ್ ಶೇಖ್ ಮಂತ್ರಿಯಾಗಿಯೂ ಜಯಂತ್ ಕೃಪಲಾನಿ ಕಾರ್ಯದರ್ಶಿಯಾಗಿಯೂ ನಟಿಸಿದರು.

ಮೊದಲು ಹೇಳಿದ 2004ರ ಮತದಾನದಲ್ಲಿ ‘ಯೆಸ್ ಮಿನಿಸ್ಟರ್’ ಪರವಾಗಿ ವಾದಿಸಿದವರು ಅರ್ಮಾಂಡೊ ಇಯಾನೂಚಿ. ಮರುವರ್ಷವೇ ಅವರ ‘ದ ಥಿಕ್ ಆಫ್ ಇಟ್’ ಬಿಬಿಸಿ ನಾಲ್ಕರಲ್ಲಿ ಶುರುವಾಗಿ 2012ರವರೆಗೆ ನಡೆಯಿತು. ಕೈಯಲ್ಲಿ ಹಿಡಿದು ಓಡಾಡುವ ಕ್ಯಾಮೆರಾ, ಪ್ರೇಕ್ಷಕರ ನಗುವಿಲ್ಲದ ನೀರವ ಹಿನ್ನೆಲೆ, ಹಂಫ್ರಿಯ ಸಾಲಂಕೃತ ವಾಕ್ಯಗಳ ಜಾಗದಲ್ಲಿ ಮಾಲ್ಕಂ ಟಕರ್‌ನ (ಪೀಟರ್ ಕಪಾಲ್ಡಿ) ಬೈಗುಳದ ಮಳೆ. ಅಧಿಕಾರ ಈಗ ಕಾಯಂ ಅಧಿಕಾರಿಯ ಕೈಯಲ್ಲಿಲ್ಲ, ನಾಳೆಯ ಪತ್ರಿಕೆಯ ತಲೆಬರಹ ತಿದ್ದುವವನ ಕೈಯಲ್ಲಿದೆ. ಎರಡು ದಶಕಗಳಲ್ಲಿ ಬ್ರಿಟಿಷ್ ಆಡಳಿತದ ಗುರುತ್ವಕೇಂದ್ರ ಎಲ್ಲಿಂದ ಎಲ್ಲಿಗೆ ಸರಿಯಿತೆಂದು ತಿಳಿಯಲು ಎರಡೂ ಧಾರಾವಾಹಿಗಳ ಒಂದೊಂದು ಕಂತನ್ನು ಅಕ್ಕಪಕ್ಕ ನೋಡಿದರೆ ಸಾಕು. ಮೇಲ್ನೋಟಕ್ಕೆ ಮಾಲ್ಕಂ ಅಪ್ಪಟ ಖಳ, ಹಾಗಾಗಿ ಇಯಾನೂಚಿ ಗುರುವಿನ ದಾರಿ ಬಿಟ್ಟರೆಂದು ತೋರುತ್ತದೆ. ಕೊನೆಯ ಸರಣಿ ಆ ಅನಿಸಿಕೆಯನ್ನು ತಿದ್ದುತ್ತದೆ. ಅಲ್ಲಿ ಸಾರ್ವಜನಿಕ ವಿಚಾರಣೆ ನಡೆದು ಎಲ್ಲರೂ ಸಾಕ್ಷಿ ನುಡಿಯುತ್ತಾರೆ, ತಪ್ಪಿತಸ್ಥ ಸಿಗುತ್ತಾನೆ, ಮಾಲ್ಕಂನ ಬಂಧನವೂ ಆಗುತ್ತದೆ. ಅಷ್ಟರಲ್ಲಾಗಲೇ ಅವನ ಕೈಕೆಳಗೆ ಬೈಸಿಕೊಂಡು ಬೆಳೆದ ಆಲಿ ರೀಡರ್ ಅವನ ಜಾಗಕ್ಕೆ ಬಂದಿರುತ್ತಾನೆ, ಅದೇ ಧಾಟಿಯಲ್ಲಿ ಮಾತಾಡುವುದನ್ನೂ ಕಲಿತಿರುತ್ತಾನೆ.