ಬಿಲ್ಲೆ ಸರಿಸುವ ಒಗಟು: ಪ್ರೋಗ್ರಾಮುಗಳ ಚರಿತ್ರೆ

ಚೌಕಟ್ಟಿನೊಳಗಿನ ಬಿಲ್ಲೆಗಳನ್ನು ಮೇಲೆತ್ತದೆ, ಖಾಲಿ ಮನೆಗೆ ಜಾರಿಸುತ್ತ ಬೇಕಾದ ಜೋಡಣೆಗೆ ತರುವ ಆಟವೇ ಬಿಲ್ಲೆ ಸರಿಸುವ ಒಗಟು. ಹದಿನಾರು ಮನೆಗಳಲ್ಲಿ 1ರಿಂದ 15ರವರೆಗಿನ ಬಿಲ್ಲೆಗಳಿರುವ 'ಹದಿನೈದರ ಒಗಟು' ಇವುಗಳಲ್ಲೆಲ್ಲ ಹೆಸರಾದದ್ದು. ಆಡುವವರಿಗೆ ಇದು ಹೊತ್ತು ಕಳೆಯುವ ಸಾಧನ. ಕಂಪ್ಯೂಟರ್ ವಿಜ್ಞಾನಿಗಳು ಮಾತ್ರ ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ತಮ್ಮ ಹುಡುಕಾಟದ ವಿಧಾನಗಳನ್ನು ಇದರ ಮೇಲೆ ಒರೆ ಹಚ್ಚಿ ನೋಡುತ್ತಿದ್ದಾರೆ.

ಒಗಟಿನ ಹುಟ್ಟು ಅಮೆರಿಕದಲ್ಲಿ. ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾ ಊರಿನ ಪೋಸ್ಟ್ ಮಾಸ್ತರ ನೋಯೆಸ್ ಚಾಪ್‌ಮನ್ 1870ರ ದಶಕದಲ್ಲಿ ಇದನ್ನು ರೂಪಿಸಿದ. 1880ರಲ್ಲಿ ಅದರ ಹುಚ್ಚು ಅಮೆರಿಕ, ಯುರೋಪುಗಳಿಗೆಲ್ಲ ಹಬ್ಬಿತು. ಒಗಟುಗಾರ ಸ್ಯಾಮ್ ಲಾಯ್ಡ್ ಮುಂದೆ ಇದು ತನ್ನದೇ ಸೃಷ್ಟಿ ಎಂದು ಹೇಳಿಕೊಂಡ; ಆ ಸುಳ್ಳು ನೂರು ವರ್ಷ ನಡೆಯಿತು. 14 ಮತ್ತು 15 ಮಾತ್ರ ಅದಲುಬದಲಾದ ಜೋಡಣೆಯನ್ನು ಸರಿಪಡಿಸಿದವರಿಗೆ ಅವನು ಸಾವಿರ ಡಾಲರ್ ಬಹುಮಾನ ಸಾರಿದ್ದ. ಕೊಡುವ ಪ್ರಮೇಯವೇ ಇರಲಿಲ್ಲ. ಅದು ಅಸಾಧ್ಯವೆಂದು ಜಾನ್ಸನ್ ಮತ್ತು ಸ್ಟೋರಿ ಎಂಬ ಗಣಿತಜ್ಞರು 1879ರ ಸಂಪುಟದಲ್ಲೇ ತೋರಿಸಿಕೊಟ್ಟಿದ್ದರು. ಪ್ರತಿ ನಡೆಯಲ್ಲೂ ಖಾಲಿ ಮನೆ ಒಂದು ಬಿಲ್ಲೆಯೊಡನೆ ಜಾಗ ಬದಲಿಸುತ್ತದೆ. ಅದು ಹೊರಟ ಮೂಲೆಗೇ ಮರಳಬೇಕಾದರೆ ನಡೆಗಳು ಸಮಸಂಖ್ಯೆಯಲ್ಲೇ ಇರಬೇಕು, ಎರಡೇ ಬಿಲ್ಲೆಗಳ ಅದಲುಬದಲಿಗೆ ಬೆಸ ಸಂಖ್ಯೆ ಬೇಕು. ಹೀಗಾಗಿ ಎಲ್ಲ ಜೋಡಣೆಗಳಲ್ಲಿ ಅರ್ಧ ಮಾತ್ರ ಬಿಡಿಸಲು ಬರುವಂಥವು. ಒಳ್ಳೆಯ ಪ್ರೋಗ್ರಾಮು ಹುಡುಕಲು ಹೊರಡುವ ಮುನ್ನ ಇದನ್ನು ಪರೀಕ್ಷಿಸಿಕೊಳ್ಳುತ್ತದೆ.

ಕಂಪ್ಯೂಟರಿಗೆ ಮೊದಲು ಒಗ್ಗಿದ್ದು ಒಂಬತ್ತು ಮನೆಯ ಎಂಟರ ಒಗಟು. ಎಡಿನ್‌ಬರೋದಲ್ಲಿ ಜಿಮ್ ಡೋರನ್ ಮತ್ತು ಡೊನಾಲ್ಡ್ ಮಿಕಿ 1966ರಲ್ಲಿ ತಮ್ಮ 'ಗ್ರಾಫ್ ಟ್ರಾವರ್ಸರ್' ಪ್ರೋಗ್ರಾಮನ್ನು ಇದರ ಮೇಲೆ ಪ್ರಯೋಗಿಸಿದರು. ಮರುವರ್ಷ ಸ್ಕೋಫೀಲ್ಡ್ ಈ ಒಗಟಿನ ಸಂಪೂರ್ಣ ಪರಿಹಾರವನ್ನು ಪ್ರಕಟಿಸಿದರು. ಇಲ್ಲಿ ತಲುಪಬಹುದಾದ ಸ್ಥಿತಿಗಳು 1,81,440. ಎಂಥ ಕಠಿಣ ಸ್ಥಿತಿಯನ್ನೂ 31 ನಡೆಗಳೊಳಗೆ ಬಿಡಿಸಬಹುದು. 1968ರಲ್ಲಿ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಹಾರ್ಟ್, ನಿಲ್ಸನ್ ಮತ್ತು ರಾಫೆಲ್ 'ಎ ಸ್ಟಾರ್' ವಿಧಾನವನ್ನು ಮುಂದಿಟ್ಟರು. ಈವರೆಗೆ ಇಟ್ಟ ನಡೆಗಳಿಗೆ ಇನ್ನೆಷ್ಟು ಬೇಕಾಗಬಹುದೆಂಬ ಅಂದಾಜನ್ನು ಕೂಡಿಸಿ, ಮೊತ್ತ ಕಡಿಮೆಯಿರುವ ಸ್ಥಿತಿಯನ್ನೇ ಮೊದಲು ಬಿಚ್ಚಿ ನೋಡುವುದು ಅದರ ತಿರುಳು. ಪ್ರತಿ ಬಿಲ್ಲೆಯೂ ತನ್ನ ಮನೆಯಿಂದ ಅಡ್ಡಡ್ಡ, ಉದ್ದುದ್ದ ಎಷ್ಟು ದೂರವಿದೆ ಎಂದು ಕೂಡಿಸಿದರೆ ಆ ಅಂದಾಜು ಸಿಗುತ್ತದೆ. ಅಂದಾಜು ನಿಜಕ್ಕಿಂತ ಎಂದೂ ಹೆಚ್ಚಾಗದಿದ್ದರೆ, ಸಿಕ್ಕ ದಾರಿಯೇ ಅತಿ ಚಿಕ್ಕದು ಎಂಬ ಖಾತರಿಯೂ ಇದೆ.

ತೊಡಕಾದದ್ದು ವೇಗವಲ್ಲ, ನೆನಪು. ಎ ಸ್ಟಾರ್ ತಾನು ಕಂಡ ಪ್ರತಿ ಸ್ಥಿತಿಯನ್ನೂ ಕಾಪಿಟ್ಟುಕೊಳ್ಳುತ್ತದೆ. ಹದಿನೈದರ ಒಗಟಿನಲ್ಲಿ ಸ್ಥಿತಿಗಳು ಸುಮಾರು 10.46 ಲಕ್ಷ ಕೋಟಿ. ಆ ಕಾಲದ ಯಂತ್ರಗಳ ಮೆಮೊರಿ ಉತ್ತರಕ್ಕೆ ಬಹಳ ಮೊದಲೇ ತುಂಬಿಹೋಗುತ್ತಿತ್ತು. 1985ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ರಿಚರ್ಡ್ ಕಾರ್ಫ್ ತಿರುವುಮುರುವಾಗಿ ಯೋಚಿಸಿದರು: ನಿಂತಿರುವ ದಾರಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮರೆತುಬಿಡಲಿ. ಇಷ್ಟು ನಡೆಗಳ ಮಿತಿಯೊಳಗೆ ಹುಡುಕು, ಸಿಗದಿದ್ದರೆ ಮಿತಿ ಏರಿಸಿ ಮೊದಲಿನಿಂದ ಹುಡುಕು. ದಂಡದ ಕೆಲಸದಂತೆ ಕಾಣುವ ಈ ಪುನರಾವರ್ತನೆ ಅಷ್ಟೇನೂ ದುಬಾರಿಯಲ್ಲ, ಏಕೆಂದರೆ ಕೊನೆಯ ಸುತ್ತಿನ ಮುಂದೆ ಹಿಂದಿನ ಸುತ್ತುಗಳೆಲ್ಲ ಸೇರಿದರೂ ಕಡಿಮೆಯೇ. ಮನಬಂದಂತೆ ಕಲಸಿದ ನೂರು ಒಗಟುಗಳನ್ನು ಕಾರ್ಫ್ ಹೀಗೆ ಅತಿ ಕಡಿಮೆ ನಡೆಗಳಲ್ಲಿ ಬಿಡಿಸಿದರು. ಸರಾಸರಿ 53 ನಡೆ. ಈ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಹೆಜ್ಜೆ ಇನ್ನೊಂದಿಲ್ಲ.

ಆಮೇಲೆ ನೆನಪು ಬೇರೆ ವೇಷದಲ್ಲಿ ಮರಳಿತು. 1990ರ ದಶಕದಲ್ಲಿ ಕಲ್ಬರ್ಸನ್ ಮತ್ತು ಶೆಫರ್, ಕೆಲವೇ ಬಿಲ್ಲೆಗಳ ಜೋಡಣೆಗೆ ತಗಲುವ ನಡೆಗಳನ್ನು ಮೊದಲೇ ಲೆಕ್ಕ ಹಾಕಿ ಕೋಷ್ಟಕ ಮಾಡಿಟ್ಟುಕೊಂಡು ಅಂದಾಜನ್ನು ಹರಿತಗೊಳಿಸಿದರು. 1999ರಲ್ಲಿ ಯೂರ್ಗ್ ನೀವರ್‌ಗೆಲ್ಟ್ ಇದ್ದ ನಾಲ್ವರ ತಂಡ, ಹದಿನೈದರ ಯಾವ ಒಗಟಿಗೂ 80ಕ್ಕಿಂತ ಹೆಚ್ಚು ನಡೆ ಬೇಡವೆಂದು ಸಾಧಿಸಿತು. 2005ರಲ್ಲಿ ಕಾರ್ಫ್ ಮತ್ತು ಶುಲ್ಟ್ಸ ಡಿಸ್ಕಿನ ನೆರವಿನಿಂದ ಒಂದೂ ಬಿಡದೆ ಎಲ್ಲ ಸ್ಥಿತಿಗಳನ್ನೂ ಎಣಿಸಿ ಮುಗಿಸಿದರು. ನಾಲ್ಕು ವಾರ ಹಿಡಿದ ಆ ಲೆಕ್ಕದಲ್ಲಿ ಪೂರ್ತಿ 80 ನಡೆ ಬೇಡುವ ಸ್ಥಿತಿಗಳು ಹದಿನೇಳೇ.

ಬಿಲ್ಲೆಗಳ ಗಾತ್ರ ಬೇರೆಬೇರೆಯಾದರೆ ಕಥೆ ಬೇರೆ. ಇಪ್ಪತ್ತು ಮನೆಗಳಲ್ಲಿ ಹತ್ತು ಬಿಲ್ಲೆಗಳಿರುವ 'ಕ್ಲೋಟ್ಸ್ಕಿ'ಯಲ್ಲಿ (ಚೀನಾದಲ್ಲಿ ಹ್ವಾರೋಂಗ್ ದಾವ್) ದೊಡ್ಡ ಚೌಕವನ್ನು ಕೆಳಗಿನ ಬಾಗಿಲಿಗೆ ತರಬೇಕು. ಇದಕ್ಕೆ ಕನಿಷ್ಠ 81 ನಡೆ. ಹೊಸದಾಗಿ ಪ್ರೋಗ್ರಾಮು ಬರೆಯುವವರು ಇಲ್ಲಿ ಒಂದು ಕಡೆ ಎಡವುತ್ತಾರೆ: ಒಂದೇ ಆಕಾರದ ಬಿಲ್ಲೆಗಳಿಗೂ ಬೇರೆಬೇರೆ ಹೆಸರಿಟ್ಟುಕೊಂಡು ಕೆಲಸವನ್ನು ವೃಥಾ ಬೆಳೆಸುತ್ತಾರೆ. ನಿಂತ ನಾಲ್ಕು, ಚಿಕ್ಕ ನಾಲ್ಕು ಬಿಲ್ಲೆಗಳಲ್ಲಿ ಭೇದವೆಣಿಸದಿದ್ದರೆ ಸ್ಥಿತಿಗಳು 576 ಪಟ್ಟು ಕುಗ್ಗುತ್ತವೆ. ತಲುಪಬಹುದಾದವು 25,955 ಮಾತ್ರ, ಯಾವ ಮೊಬೈಲಾದರೂ ಕ್ಷಣದಲ್ಲಿ ಮುಗಿಸುವಷ್ಟು.

ಜಪಾನಿನ ನೊಬುಯುಕಿ ಯೋಶಿಗಹಾರ ರಚಿಸಿದ 'ರಶ್ ಅವರ್' ಒಗಟಿನಲ್ಲಿ ಕಾರು, ಲಾರಿಗಳು ಹಿಂದೆ ಮುಂದೆ ಮಾತ್ರ ಸರಿಯಬಲ್ಲವು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಹೊತ್ತು ಗಾಡಿ ಸಿಕ್ಕಿಸಿಕೊಂಡವರಿಗೆ ಇದರ ನಿಯಮ ವಿವರಿಸಬೇಕಿಲ್ಲ: ನಮ್ಮದು ಹೊರಬೀಳಲು ಎದುರಿನದು ಸರಿಯಬೇಕು, ಅದು ಸರಿಯಲು ಅದರ ಹಿಂದಿನದು. ಹಲಗೆಯ ಗಾತ್ರ ಎಷ್ಟಾದರೂ ಇರಬಹುದೆಂದಾದರೆ ಈ ಒಗಟು 'ಪಿಸ್ಪೇಸ್' (ಮಿತ ಮೆಮೊರಿಯಲ್ಲಿ ಬಿಡಿಸಬಹುದಾದ ಸಮಸ್ಯೆಗಳ) ವರ್ಗದ ಅತ್ಯಂತ ಕಠಿಣ ಸಮಸ್ಯೆಗಳಿಗೆ ಸಮವೆಂದು 2002ರಲ್ಲಿ ಫ್ಲೇಕ್ ಮತ್ತು ಬಾಮ್ ತೋರಿಸಿದರು. ಎಲ್ಲಕ್ಕೂ ಬೇಗನೆ ಉತ್ತರ ಕೊಡುವ ಪ್ರೋಗ್ರಾಮು ಸಿಕ್ಕೀತೆಂದು ತಜ್ಞರಾರೂ ನಿರೀಕ್ಷಿಸುವುದಿಲ್ಲ.

ಕರ್ನಾಟಕದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ವಿಷಯ ಪರಿಚಿತ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ, ಕಂಪ್ಯೂಟರ್ ವಿಜ್ಞಾನದ ಏಳನೇ ಸೆಮಿಸ್ಟರಿನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದ ಮೊದಲ ಪ್ರಯೋಗವೇ ಎ ಸ್ಟಾರ್ ಆಗಿತ್ತು. ಆದರೆ ಇದಕ್ಕಿಂತ ಹತ್ತಿರದ ನಂಟು ಹುಲಿ-ಕುರಿ ಆಟದ್ದು. ಅದರ ನೇಪಾಳಿ ರೂಪವಾದ ಬಾಘ್‌ಚಾಲ್‌ನಲ್ಲಿ ನಾಲ್ಕು ಹುಲಿ, ಇಪ್ಪತ್ತು ಮೇಕೆ. ಕಾಯಿಗಳನ್ನೆಲ್ಲ ಇಟ್ಟಾದ ಮೇಲೆ ಅಲ್ಲೂ ಉಳಿಯುವುದು ಸರಿಸಾಟವೇ. ಹದಿನೈದರ ಒಗಟಿನ ಅದೇ ನೀವರ್‌ಗೆಲ್ಟ್, ಲಿಮ್ ಯೂ ಜಿನ್ ಜೊತೆಗೂಡಿ, ಆಟ ಮುಗಿದ ಸ್ಥಿತಿಗಳಿಂದ ಹಿಂದುಹಿಂದಕ್ಕೆ ಲೆಕ್ಕ ಹಾಕಿ 8,82,60,972 ಸ್ಥಿತಿಗಳ ಭಂಡಾರ ಕಟ್ಟಿದರು. ಇಬ್ಬರೂ ತಪ್ಪದೆ ಆಡಿದರೆ ಆಟ ಸಮ ಎಂಬುದು ಅವರ ತೀರ್ಮಾನ.

ನಮ್ಮ ಕಡೆಯ ಹುಲಿ-ಕುರಿಯ ತ್ರಿಕೋನದ ಹಲಗೆ ಇನ್ನೂ ಚಿಕ್ಕದು: 23 ಬಿಂದು, ಮೂರು ಹುಲಿ, ಹದಿನೈದು ಕುರಿ. ಹುಲಿಗಳನ್ನು 1,771 ಬಗೆಯಲ್ಲಿ ಕೂರಿಸಬಹುದು. ಉಳಿದ ಇಪ್ಪತ್ತು ಬಿಂದುಗಳಲ್ಲಿ ಕುರಿಗಳು ಹೇಗೆ ಹರಡಿಕೊಂಡರೂ ಒಟ್ಟು ಸ್ಥಿತಿಗಳು 186 ಕೋಟಿ ದಾಟುವುದಿಲ್ಲ. ಹದಿನೈದರ ಒಗಟಿನ ಮುಂದೆ ಅದು ಐದು ಸಾವಿರದಲ್ಲೊಂದು ಪಾಲಿಗೂ ಕಡಿಮೆ, ಇಂದಿನ ಲ್ಯಾಪ್‌ಟಾಪಿಗೆ ದಕ್ಕುವ ಕೆಲಸ.