ಐದು ಜಪಾನಿ ಮಾತು

ಚಿನ್ನದ ಗಣಿಯ ಕಾಲದಲ್ಲಿ ನಮ್ಮ ಕಾಮಸಮುದ್ರದ ಮನೆಗಳಿಗೆ ಶಾಫ್ಟು, ಶಿಫ್ಟು ಎಂಬ ಇಂಗ್ಲಿಷ್ ಮಾತು ಬಂದವು. 2001ರಲ್ಲಿ ಗಣಿ ಮುಚ್ಚಿತು. 2013ರಲ್ಲಿ ನರಸಾಪುರದಲ್ಲಿ ಹೋಂಡಾ ಶುರುವಾದ ಮೇಲೆ ಜಪಾನಿ ಮಾತುಗಳ ಸರದಿ.

ಕಾರ್ಖಾನೆಯೊಂದಕ್ಕೆ ಹೋಗುವ ಪಕ್ಕದ ಮನೆ ಹುಡುಗಿ ಬಾಯಿಪಾಠ ಒಪ್ಪಿಸಿದಳು: ‘ಸೇರಿ’ ಎಂದರೆ ಸೇರಿಸುವುದಲ್ಲ, ಬೇಡದ್ದನ್ನು ತೆಗೆಯುವುದು, ‘ಸೇತೋನ್’, ಬೇಕಾದ್ದನ್ನು ಅದರ ಜಾಗದಲ್ಲಿಡುವುದು, ‘ಸೇಸೋ’, ಗುಡಿಸಿ ಒರೆಸುವುದು, ‘ಸೇಕೆತ್ಸು’, ಹಾಗೆಯೇ ಕಾಪಾಡುವುದು, ‘ಶಿತ್ಸುಕೆ’, ಶಿಸ್ತು. ನಮ್ಮತ್ತೆ ಅಡಿಗೆಮನೆಯಲ್ಲಿ ಕಲಿಸಿದ್ದೂ ಇದನ್ನೇ!

ಜಪಾನಿನಲ್ಲಿ ಕಚ್ಚಾ ಹೊಲಿಗೆಗೂ ಶಿತ್ಸುಕೆ ಎಂದೇ ಹೆಸರು ಎಂದೆ.

“ಹೊಲಿಗೆ ಮುಗಿದ ಮೇಲೆ ಆ ದಾರ ಕಿತ್ತು ಹಾಕ್ತಾರಲ್ವಾ ಅಕ್ಕಾ? ನಂದೂ ಕಾಂಟ್ರಾಕ್ಟೇ.”

ಗಣಿ ಮುಚ್ಚಿದಾಗ ಮಾವನವರು ಮಾತಿಲ್ಲದೆ ಕೂತದ್ದು ನೆನಪಾಯಿತು.

“ಬಟ್ಟೆ ನೆಟ್ಟಗೆ ಬಂದದ್ದು ಆ ದಾರದಿಂದಲೇ ಕಣಮ್ಮ” ಎಂದೆ. ಆ ಸಮಾಧಾನ ಅವಳಿಗೆ ಸಾಲದೆಂದು ನನಗೂ ಗೊತ್ತಿತ್ತು.