ಮೈಕ್ ಸೆಟ್ಟಿನ ಒಳಗೆ ನಮ್ಮಮ್ಮನ ಕೈ

ಹೋದ್ಸಲ ಹಿತಕಿದ ಬೇಳೆ ಸಾರಿನ ಬಗ್ಗೆ ಬರ್ದಾಗ ಎಷ್ಟೋ ಜನ ಅಕ್ಕತಂಗೀರು ಫೋನ್ ಮಾಡಿ ಮಾತಾಡಿದ್ರಿ. ಈ ಸಲ ಬರೀತಿರೋದು ಅಡುಗೆ ಅಲ್ಲ. ನಮ್ಮ ತವರುಮನೆ ಅಟ್ಟದ ಮೇಲೆ ಮೂವತ್ತು ವರ್ಷದಿಂದ ಧೂಳು ತಿಂತಾ ಕೂತಿದ್ದ ಒಂದು ತಗಡಿನ ಡಬ್ಬದ ಕಥೆ. ಗುಜರಿಯವ್ನು ತೂಕಕ್ಕೆ ಕೇಳ್ದ, ನಮ್ಮಣ್ಣ ಕೊಡೋಕೂ ಒಪ್ಕೊಂಡಿದ್ದ. ಅಷ್ಟೊತ್ಗೆ ಅಣ್ಣನ ಮಗ ಬೆಂಗಳೂರಿಂದ ಬಂದ. ಅವ್ನಿಗೆ ಗಿಟಾರ್ ಹುಚ್ಚು. ಡಬ್ಬದ ಮುಚ್ಚಳ ತೆಗ್ದು ನೋಡಿ, "ಅತ್ತೇ, ಇದು ವಾಲ್ವ್ ಆಂಪ್ಲಿಫೈಯರ್! ಇದನ್ನ ಗಿಟಾರಿಗೆ ಹಾಕ್ಬೋದು" ಅಂತ ಕುಣಿದಾಡ್ಬಿಟ್ಟ.

ಅದು ನಮ್ಮಪ್ಪ ಕೈಯಾರೆ ಮಾಡಿದ ಮೈಕ್ ಸೆಟ್ಟು. ನಾವಾಗ ಕೋಲಾರ ಜಿಲ್ಲೆಯವ್ರು, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ ಅಲ್ವಾ. ಅಪ್ಪ ಚಿಂತಾಮಣೀಲಿ ರೇಡಿಯೋ ರಿಪೇರಿ ಕಲ್ತು, ಶಿಡ್ಲಘಟ್ಟಕ್ಕೆ ಬಂದು ಒಂದು ಸಣ್ಣ ಅಂಗಡಿ ಇಟ್ಟಿದ್ರು. ಮದ್ವೆ, ಹರಿಕಥೆ, ಕೈವಾರದ ಭಜನೆ, ನಂದಿ ಜಾತ್ರೆ, ಗೌರಿಬಿದನೂರು ಕಡೆ ವಿದುರಾಶ್ವತ್ಥದ ಜಾತ್ರೆ, ಎಲ್ಲಾ ಕಡೆ ಈ ಡಬ್ಬ ಸೈಕಲ್ ಕ್ಯಾರಿಯರ್ ಮೇಲೆ ಹೋಗೋದು.

ಮೊದ್ಲು ಈ ವಾಲ್ವ್ ಅಂದ್ರೇನು ಹೇಳ್ತೀನಿ. ನಂದು ಪಿಯುಸಿ ಸೈನ್ಸು, ಅಷ್ಟರಲ್ಲೇ ಮದ್ವೆ ಮಾಡಿದ್ರು, ತಿಳ್ದಷ್ಟು ಹೇಳ್ತೀನಿ. ಗಾಜಿನ ಬುಂಡೆ, ಒಳಗೆ ಗಾಳಿ ಇಲ್ಲ. ನಡುವೆ ಸಣ್ಣ ಕೆಂಪು ಕಾವು, ಒಲೆಯ ಕೆಂಡದ ಹಾಗೆ. ಆ ಕಾವಿಗೆ ಎಲೆಕ್ಟ್ರಾನುಗಳು ಹೊರಟು ಸುತ್ತ ಇರೋ ತಗಡಿಗೆ ಹಾರ್ತವೆ. ಇವೆರಡರ ಮಧ್ಯೆ ಒಂದು ತಂತಿಯ ಜಾಲರಿ. ನಮ್ಮ ಕೆರೆ ತೂಬು ನೋಡಿದ್ದೀರಲ್ಲ, ಕಲ್ಲು ಒಂದು ಬೆರಳಷ್ಟು ಎತ್ತಿದ್ರೆ ಕಾಲುವೆ ತುಂಬಾ ನೀರು. ಜಾಲರೀದೂ ಅದೇ ಕೆಲಸ. ಮೈಕಿನಿಂದ ಬರೋ ಚೂರೇ ಚೂರು ಕರೆಂಟು ತೂಬು ಎತ್ತಿ ಇಳಿಸ್ತದೆ, ಆ ಕಡೆ ದೊಡ್ಡ ಕರೆಂಟು ಹಂಗೇ ಕುಣೀತದೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಜಾಲರಿ ಇಲ್ಲದ ವಾಲ್ವ್ ಮಾಡಿದ್ರು. 1906ರಲ್ಲಿ ಅಮೇರಿಕಾದ ಲೀ ಡಿ ಫಾರೆಸ್ಟ್ ಜಾಲರಿ ಸೇರಿಸಿದ್ರು. ರೇಡಿಯೋ, ಟಾಕೀಸು, ಮೈಕು ಎಲ್ಲಾ ಅದರಿಂದ ಬಂದದ್ದು.

ನಮ್ಮ ನಾಡಲ್ಲೂ ಇದು ಮನೆಯಿಂದ್ಲೇ ಶುರುವಾದ ಕೆಲಸ. 1935ರಲ್ಲಿ ಮೈಸೂರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಅನ್ನೋ ಮೇಷ್ಟ್ರು ತಮ್ಮ ಮನೇಲೇ ರೇಡಿಯೋ ನಿಲಯ ನಡೆಸಿದ್ರು, ಆಕಾಶವಾಣಿ ಅನ್ನೋ ಹೆಸರು ಅಲ್ಲಿಂದ ಬಂತು. 1955ರಲ್ಲಿ ಬೆಂಗಳೂರಿಗೂ ಆಕಾಶವಾಣಿ ಬಂತು. ಆಮೇಲೆ ನಮ್ಮ ಕಡೆ ರೇಡಿಯೋ ಹೆಚ್ಚಾದ್ವು, ಕೆಟ್ಟ ರೇಡಿಯೋನೂ ಹೆಚ್ಚಾದ್ವು, ನಮ್ಮಪ್ಪನಂಥವ್ರಿಗೆ ಅನ್ನ ಹುಟ್ತು. ಜಾಲಹಳ್ಳೀಲಿ 1954ರಲ್ಲಿ ಸರ್ಕಾರ ಶುರು ಮಾಡಿದ ಬಿ.ಇ.ಎಲ್. ಕಾರ್ಖಾನೆ ಐತಲ್ಲ, ಅಲ್ಲಿ 1961ರಿಂದ ವಾಲ್ವ್ ಮಾಡೋಕೆ ಹಿಡಿದ್ರು. ಅಪ್ಪ ಬೆಂಗಳೂರು ಎಸ್.ಪಿ. ರೋಡಿಗೆ ಹೋಗಿ ವಾಲ್ವ್, ಕಂಡೆನ್ಸರ್, ತಾಮ್ರದ ತಂತಿ ತರೋರು. ತಗಡು ಇಲ್ಲೇ ಬಗ್ಗಿಸೋದು.

ಡಬ್ಬದಲ್ಲಿ ಮೂರೇ ವಾಲ್ವ್. ಮೈಕಿನ ದನಿ ಎತ್ತೋಕೆ ಇ.ಸಿ.ಸಿ. 83, ಸ್ಪೀಕರಿಗೆ ಶಕ್ತಿ ಕೊಡೋಕೆ ಇ.ಎಲ್. 84, ಕರೆಂಟನ್ನ ಡಿ.ಸಿ. ಮಾಡೋಕೆ ಇನ್ನೊಂದು. ಎಲ್ಲಾ ಸೇರಿ ಐದು ವ್ಯಾಟು. ಈಗಿನವ್ರು ನಗ್ತಾರೆ. ಆದ್ರೆ ಮರದ ಮೇಲೆ ಹಾರನ್ ಕಟ್ಟಿದ್ರೆ ಅರ್ಧ ಊರಿಗೆ ಕೇಳೋದು.

ಅಣ್ಣನ ಮಗ ಹೇಳಿದ ಮೇಲೆ ನಂಗೆ ಗೊತ್ತಾಗಿದ್ದು, ಇದೇ ಇ.ಎಲ್. 84 ವಾಲ್ವ್ ನಾಲ್ಕು ಹಾಕಿ ಇಂಗ್ಲೆಂಡಲ್ಲಿ ವಾಕ್ಸ್ ಎ.ಸಿ. 30 ಅಂತ ಗಿಟಾರ್ ಆಂಪ್ಲಿಫೈಯರ್ ಮಾಡಿದ್ರಂತೆ, ಬೀಟಲ್ಸ್ ಹುಡುಗ್ರು ನುಡಿಸಿದ್ದು ಅದ್ರಲ್ಲಂತೆ. ಅಮೇರಿಕಾದ ಲಿಯೋ ಫೆಂಡರ್ ಅನ್ನೋರೂ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟು, ಅಲ್ಲಿಂದ ಗಿಟಾರು, ಆಂಪ್ಲಿಫೈಯರ್ ಮಾಡೋಕೆ ಹೋದ್ರು. ವಿದ್ಯೆ ಒಂದೇ. ಅವ್ರದ್ದು ಗಿಟಾರಿಗೆ ಹೋಯ್ತು, ನಮ್ಮಪ್ಪಂದು ಹರಿಕಥೆಗೆ ಹೋಯ್ತು.

ಈಗ ಭಯದ ಮಾತು. ಆ ಹುಡ್ಗ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಡಬ್ಬದೊಳಗೆ ಕೈ ಹಾಕೋಕೆ ಹೋದ. ನಾನು ಕಿರುಚ್ಕೊಂಡ್ಬಿಟ್ಟೆ. ಕೈಲಿದ್ದ ಸಾರಿನ ಸೌಟು ಕೆಳಗೆ ಬಿತ್ತು.

1979ರಲ್ಲಿ ನಾನು ನಾಲ್ಕನೇ ಕ್ಲಾಸು. ಮಾರನೇ ದಿನ ಭಜನೆ ಇತ್ತು, ಸೆಟ್ಟು ಗುಂಯ್ ಅಂತಿತ್ತು. ಅಪ್ಪ ರಿಪೇರಿಗೆ ಕೂತ್ರು, ನಾನು ಬ್ಯಾಟರಿ ಹಿಡ್ಕೊಂಡಿದ್ದೆ. ವೈರ್ ಕಿತ್ತಾಗಿತ್ತು. ಆದ್ರೂ ಕೈ ಇಟ್ಟ ತಕ್ಷಣ ಅಪ್ಪ ಗೋಡೆಗೆ ಹೋಗಿ ಬಿದ್ರು. ಕಣ್ಣು ಮೇಲಾಗಿತ್ತು. ನಾನು ಅಪ್ಪ ಸತ್ತೋದ್ರು ಅಂದ್ಕೊಂಡೆ. ಬದುಕಿದ್ರು, ಆದ್ರೆ ಒಂದು ತಿಂಗಳು ಬಲಗೈಯಲ್ಲಿ ತುತ್ತು ಎತ್ತೋಕಾಗ್ಲಿಲ್ಲ. ಕಂಡೆನ್ಸರ್ ಅನ್ನೋದು ಹಂಡೆ ಇದ್ದಂಗೆ ಕಣ್ರೀ. ಒಲೆ ಆರಿದ್ರೂ ನೀರು ಸುಡ್ತಾನೇ ಇರ್ತದೆ. ಅದ್ರಲ್ಲಿ 300 ವೋಲ್ಟ್ ನಿಂತಿರ್ತದೆ.

ಆವತ್ತಿಂದ ಅಮ್ಮ ಕಾನೂನು ಮಾಡಿದ್ರು: ಒಂದು ಕೈ ಬೆನ್ನ ಹಿಂದೆ, ಕಾಲಿಗೆ ರಬ್ಬರ್ ಚಪ್ಲಿ, ಮೊದ್ಲು ರೆಸಿಸ್ಟರ್ ಕಟ್ಟಿದ ವೈರಿಂದ ಕಂಡೆನ್ಸರ್ ಖಾಲಿ ಮಾಡೋದು, ಮೀಟರಲ್ಲಿ ಸೊನ್ನೆ ನೋಡಿದ ಮೇಲೇ ಕೈ. ಹುಡ್ಗನಿಗೂ ಅದನ್ನೇ ಹೇಳಿ ಮಾಡಿಸ್ದೆ. ಮೀಟರ್ ಅವ್ನ ಹತ್ರ ಇತ್ತು, ಭಯ ಇರ್ಲಿಲ್ಲ.

ಆಮೇಲೆ ನೇರ ಕರೆಂಟು ಕೊಡೋಕೆ ಬಿಡ್ಲಿಲ್ಲ. ಸೀರೀಸ್ ಬೋರ್ಡಲ್ಲಿ 60 ವ್ಯಾಟ್ ಬಲ್ಬ್ ಹಾಕಿ ಅದರ ಮೂಲಕ ಕೊಡ್ಸಿದೆ. ಬಲ್ಬು ಪೂರ್ತಿ ಉರಿದ್ರೆ ಒಳಗೆ ಶಾರ್ಟು, ಮಂಕಾಗಿ ಉರಿದ್ರೆ ಪರ್ವಾಗಿಲ್ಲ. ಪೂರ್ತಿ ಉರೀತು. ದೊಡ್ಡ ಕಂಡೆನ್ಸರ್ ಒಣಗಿ ಹೋಗಿ ಶಾರ್ಟಾಗಿತ್ತು. ಹೊಸದು ಹಾಕಿದ. ಆಗ ಸ್ಪೀಕರಿಂದ ದನಿ ಬಂತು, ಆದ್ರೆ ಸೊಟ್ಟ ದನಿ. ಇ.ಎಲ್. 84 ಒಳಗಿನ ತಗಡು ಕಾದ ಹೆಂಚಿನ ಥರ ಕೆಂಪಗಾಗ್ತಾ ಬಂತು. ನಾನು "ಆಫ್ ಮಾಡೋ!" ಅನ್ನೋಷ್ಟರಲ್ಲಿ ದನಿ ನಿಂತೋಯ್ತು. ಎರಡು ವಾಲ್ವಿನ ಮಧ್ಯದ ಸಣ್ಣ ಕಂಡೆನ್ಸರ್ ಸೋರಿ, ತೂಬು ಮುಚ್ಚದೇ ಪೂರ್ತಿ ತೆರೆದಿತ್ತು. ಅಷ್ಟು ಕರೆಂಟು ತಡೀಲಾರ್ದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಂತಿ ಕಿತ್ತಿತ್ತು.

ಅದನ್ನ ಬಿಚ್ಚಿದಾಗ ಬಂದದ್ದೇ ನಿಜವಾದ ಕಥೆ. ಕೂದ್ಲಿನಷ್ಟು ಸಣ್ಣ ತಾಮ್ರದ ತಂತಿ, 2500 ಸುತ್ತು. ಅದರ ಮೇಲೆ ದಪ್ಪ ತಂತಿ 100 ಸುತ್ತು. ಪ್ರತಿ ಪದರಕ್ಕೂ ಒಂದು ಕಾಗದ. ಒಂದೇ ಒಂದು ಸುತ್ತು ಮೇಲೆ ಹತ್ತಿಲ್ಲ. ಹುಡ್ಗ, "ತಾತನ ಕೈ ಎಷ್ಟು ನಯ ಅತ್ತೇ" ಅಂದ.

ಮಂಚದ ಮೇಲಿಂದ ನಮ್ಮಮ್ಮ, "ಅದು ನಿಮ್ಮ ತಾತ ಸುತ್ತಿದ್ದಲ್ಲ ಮಗಾ, ನಾನು" ಅಂದ್ರು.

ನಂಗೇ ಗೊತ್ತಿರ್ಲಿಲ್ಲ ಕಣ್ರೀ. ಅಮ್ಮ ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಮನೆಯವ್ರು. ಬಿಸಿ ನೀರಲ್ಲಿ ಗೂಡು ಹಾಕಿ ಕಣ್ಣಿಗೆ ಕಾಣದ ಎಳೆ ಹುಡುಕಿ ಎಳೆದ ಕೈ ಅದು. ಅಪ್ಪ ಸುತ್ತಿದ್ರೆ ತಂತಿ ಕಿತ್ತೋಗೋದಂತೆ. ರಾತ್ರಿ ಮುದ್ದೆ ಪಾತ್ರೆ ತೊಳೆದಿಟ್ಟು ಅಮ್ಮ ಕೂತು ಸುತ್ತಿದ್ರಂತೆ, ನೂರಕ್ಕೊಂದು ಹುಣಸೆ ಬೀಜ ಎಣಿಸಿಟ್ಕೊಂಡು. ಅಪ್ಪ ಮಾಡಿದ ಅಷ್ಟೂ ಸೆಟ್ಟುಗಳಿಗೆ. ಡಬ್ಬದ ಮೇಲೆ ಬಿಳೀ ಪೇಂಟಲ್ಲಿ ಅಪ್ಪನ ಹೆಸರಿತ್ತು. ಒಳಗೆ ಯಾರ ಹೆಸರೂ ಇರ್ಲಿಲ್ಲ. "ಯಾಕಮ್ಮಾ ಹೇಳ್ಲಿಲ್ಲ?" ಅಂದೆ. "ಯಾರು ಕೇಳಿದ್ರು?" ಅಂದ್ರು.

ಹುಡ್ಗ ಸುಮ್ನಾಗ್ಬಿಟ್ಟ. ಆಮೇಲೆ ಫೋನಲ್ಲಿ ಒಂದು ಫೋಟೋ ತೋರಿಸ್ದ. ಫೆಂಡರ್ ಕಾರ್ಖಾನೇಲೂ 1950ರ ದಶಕದಲ್ಲಿ ಒಳಗಿನ ತಂತಿ ಕೂಡಿಸ್ತಿದ್ದೋರು ಹೆಚ್ಚಾಗಿ ಹೆಂಗಸ್ರೇ ಅಂತೆ. ಕೂಡಿಸಿದ ಮೇಲೆ ಒಂದು ಚೂರು ಟೇಪಲ್ಲಿ ತಮ್ಮ ಹೆಸರು ಬರ್ದು ಡಬ್ಬದೊಳಗೆ ಅಂಟಿಸೋರಂತೆ. ಈಗ ಆ ಹಳೇ ಡಬ್ಬ ಬಿಚ್ಚಿದೋರು ಮೊದ್ಲು ಹುಡುಕೋದೇ ಆ ಟೇಪನ್ನ.

ಅಮ್ಮನಿಗೀಗ ಎಂಬತ್ತರ ಹತ್ರ, ಕೈ ನಡುಗ್ತದೆ. ಪಕ್ಕದಲ್ಲಿ ಕೂತು ಮೊಮ್ಮಗನಿಗೆ ಸುತ್ತೋದು ಕಲಿಸಿದ್ರು. "ಎಳೀಬೇಡ ಮಗಾ, ಎಳೆಯಾಗಿ ಬರೋಕೆ ಬಿಡು." ಮೂರು ಸಲ ಕಿತ್ತೋಯ್ತು, ನಾಲ್ಕನೇ ಸಲ ನಿಂತ್ತು. ಸೋರೋ ಕಂಡೆನ್ಸರ್ ಬದಲಾಯಿಸಿ, ಬಲ್ಬಿನ ಮೂಲಕ ನೋಡಿ, ಗಿಟಾರ್ ಹಾಕಿದ. ಬೆಚ್ಚಗಿನ ದನಿ, ಸ್ವಲ್ಪ ಕರಕರ. ಸಾಕೆಟ್ಟಿನ ಪಿನ್ನು ಒರೆಸಿದ ಮೇಲೆ ಅದೂ ಹೋಯ್ತು.

ನಿಮ್ಮನೆ ಅಟ್ಟದ ಮೇಲೂ ಹಳೇ ರೇಡಿಯೋ, ಮೈಕ್ ಸೆಟ್ಟು ಇದ್ರೆ, ಆಸೆಗೆ ಬಿದ್ದು ಪ್ಲಗ್ ಹಾಕ್ಬೇಡಿ, ಒಳಗೆ ಕೈ ಹಾಕ್ಬೇಡಿ, ತಿಳಿದೋರಿಗೆ ತೋರ್ಸಿ. ಗುಜರಿಗೆ ಕೊಡೋಕೆ ಮುಂಚೆ ಮನೇಲಿರೋ ವಯಸ್ಸಾದ ಹೆಂಗಸ್ರನ್ನ ಒಂದು ಮಾತು ಕೇಳಿ, ನಿಂದೇನಿತ್ತು ಇದ್ರಲ್ಲಿ ಅಂತ.

ಮುಚ್ಚಳ ಹಾಕೋ ಮುಂಚೆ ಹುಡ್ಗ ಒಂದು ಟೇಪು, ಪೆನ್ನು ಅಮ್ಮನ ಕೈಗೆ ಕೊಟ್ಟ. ಅಮ್ಮ ನಿಧಾನಕ್ಕೆ, ಅಕ್ಷರ ಸೊಟ್ಟಸೊಟ್ಟಾಗಿ, ತಮ್ಮ ಹೆಸರು ಬರೆದ್ರು. ಅವ್ನು ವಾಲ್ವಿನ ಪಕ್ಕ ಅಂಟಿಸೋಕೆ ಹೋದ.

"ಅಲ್ಲಿ ಬೇಡ, ಬಿಸಿಗೆ ಬಿದ್ದೋಯ್ತದೆ," ಅಂದ್ರು ಅಮ್ಮ. "ಈ ಮೂಲೇಗೆ ಅಂಟ್ಸು."